ಕೈಸಾಲ, ಹಬ್ಬದ ಬೋನಸ್, ಸೊಸೆಯ ಸಂಬಳ: ಮನೆತನದ ವ್ಯಾಪಾರದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ಮನೆಯವರೇ ಸೇರಿ ವ್ಯಾಪಾರ ನಡೆಸುವವರ ಪತ್ರಗಳು ಹೆಚ್ಚು. ಕೆಲಸದವರನ್ನೂ ಒಡಹುಟ್ಟಿದವರನ್ನೂ ಚೆನ್ನಾಗಿ ನೋಡಿಕೊಳ್ಳಬೇಕು, ಅಂಗಡಿಯೂ ಮುಳುಗಬಾರದು, ಹೇಗೆ ಎಂಬುದೇ ಹೆಚ್ಚಿನವರ ಪ್ರಶ್ನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ. ಒಂದು ಸೂಚನೆ: 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಳಗಿನ ಲೆಕ್ಕಗಳ ಸೂತ್ರ ಹೆಚ್ಚಾಗಿ ಹಳೆಯದೇ, ಆದರೆ ಫಾರಂ, ನಮೂನೆಗಳನ್ನು ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ನೋಡಿಸಿಕೊಳ್ಳಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಅಪ್ಪ ಶುರು ಮಾಡಿದ ಹೋಟೆಲ್ ನಮ್ಮದು. ಭಟ್ಟರು, ಸಪ್ಲೈಯರ್, ಕ್ಲೀನರ್ ಎಲ್ಲ ಸೇರಿ 22 ಜನ. ಅಪ್ಪ ಗಲ್ಲಾದಲ್ಲಿ ಕೂತಿದ್ದಷ್ಟು ದಿನ ಯಾರು ಬಂದು ಕೇಳಿದರೂ ಇಲ್ಲ ಅನ್ನಲಿಲ್ಲ. ಈಗ ಲೆಕ್ಕ ತೆಗೆದರೆ 4,60,000 ರೂಪಾಯಿ ಅಡ್ವಾನ್ಸ್ ಹೊರಗಿದೆ. ಅದರಲ್ಲಿ 1,10,000 ಕೆಲಸ ಬಿಟ್ಟು ಹೋದವರದು. ಇರುವವರ ಸಂಬಳದಲ್ಲಿ ಮುರಿದುಕೊಂಡರೆ ಅವರ ಕೈಗೆ ಏನೂ ಉಳಿಯುವುದಿಲ್ಲ. ಅಡ್ವಾನ್ಸ್ ಕೊಡುವುದನ್ನೇ ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ನೀವು ನಿಲ್ಲಿಸಿದ ಮರುದಿನ ಅವರು ಮೀಟರ್ ಬಡ್ಡಿಯವನ ಬಾಗಿಲಲ್ಲಿರುತ್ತಾರೆ. ಆಮೇಲೆ ಅವನು ನಿಮ್ಮ ಹೋಟೆಲ್ ಬಾಗಿಲಿಗೆ ಬರುತ್ತಾನೆ. ನಿಮ್ಮ ತಂದೆ ಕೊಟ್ಟದ್ದು ತಪ್ಪಲ್ಲ. ಯಾವುದು ಸಂಬಳದ ಮುಂಗಡ, ಯಾವುದು ಸಾಲ, ಯಾವುದು ಸಹಾಯ ಎಂದು ಬೇರೆ ಮಾಡದೆ ಎಲ್ಲವನ್ನೂ "ಅಡ್ವಾನ್ಸ್" ಎಂಬ ಒಂದೇ ಪುಟದಲ್ಲಿ ಬರೆದದ್ದು ತೊಂದರೆಯಾಯಿತು. ಮೂರಕ್ಕೂ ಮೂರು ಪುಟ ಮಾಡಿ.

ಮೊದಲನೆಯದು ಮುಂಗಡ. ತಿಂಗಳ 15ರ ನಂತರ, ಅಷ್ಟು ಹೊತ್ತಿಗೆ ದುಡಿದಿರುವ ಸಂಬಳದ ಅರ್ಧದವರೆಗೆ. ಮುಂದಿನ ಸಂಬಳದಲ್ಲೇ ಪೂರ್ತಿ ಚುಕ್ತಾ. ಇದಕ್ಕೆ ಕಾರಣ ಕೇಳಬೇಡಿ, ಅದು ಅವರು ದುಡಿದ ಹಣವೇ.

ಎರಡನೆಯದು ಸಾಲ. ಒಂದು ವರ್ಷ ಕೆಲಸ ಮಾಡಿದವರಿಗೆ, ಒಂದೂವರೆ ತಿಂಗಳ ಸಂಬಳದವರೆಗೆ, ಬಡ್ಡಿ ಇಲ್ಲದೆ, 12 ಕಂತಿನಲ್ಲಿ. 16,000 ಸಂಬಳದ ಸಪ್ಲೈಯರ್ 24,000 ಸಾಲ ತೆಗೆದ ಎಂದುಕೊಳ್ಳಿ. ತಿಂಗಳ ಕಂತು 2,000. ನಿಮ್ಮಲ್ಲಿ 20ಕ್ಕಿಂತ ಹೆಚ್ಚು ಜನ ಇರುವುದರಿಂದ ಪಿಎಫ್ (ಭವಿಷ್ಯನಿಧಿ) ಇದೆ. ಪೂರ್ತಿ ಸಂಬಳದ ಮೇಲೆ ಶೇ 12ರಂತೆ ಅದು 1,920, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75ರಂತೆ 120. ಎಲ್ಲ ಕಳೆದು ಅವನ ಕೈಗೆ 11,960 ಬರುತ್ತದೆ, ಸಂಸಾರ ನಡೆಯುತ್ತದೆ. ಇದೇ ಸಾಲವನ್ನು ಮೂರು ತಿಂಗಳಲ್ಲಿ ವಸೂಲು ಮಾಡಲು ಹೊರಟರೆ ಕಂತೇ 8,000, ಕೈಗೆ ಬರುವುದು 5,960. ಹತ್ತನೇ ತಾರೀಕಿಗೆ ಅವನು ಮತ್ತೆ ನಿಮ್ಮೆದುರು ನಿಂತಿರುತ್ತಾನೆ. ನಿಮ್ಮ 4,60,000 ಬೆಳೆದದ್ದು ಹೀಗೇ ಇರಬೇಕು. ಅಲ್ಲದೆ ಅದು ಕಾನೂನಿಗೂ ವಿರುದ್ಧ, ಏಕೆಂದರೆ ಎಲ್ಲ ಕಡಿತ ಸೇರಿ ಸಂಬಳದ ಅರ್ಧವನ್ನು ಮೀರುವಂತಿಲ್ಲ.

ಮೂರನೆಯದು ಸಹಾಯ. ಇದು ವಾಪಸ್ ಬರುವ ಹಣವಲ್ಲ. ಆಸ್ಪತ್ರೆ, ಸಾವು, ಮನೆ ಬಿದ್ದದ್ದು, ಇಂಥವಕ್ಕೆ. ಪ್ರತಿ ತಿಂಗಳು ಸಂಬಳದ ಒಟ್ಟು ಮೊತ್ತದ ಶೇ 2ನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿ. 22 ಜನಕ್ಕೆ ಸಂಬಳ 3,50,000 ಆದರೆ ಅದು ತಿಂಗಳಿಗೆ 7,000, ವರ್ಷಕ್ಕೆ 84,000. ಯಾರಿಗೆ ಎಷ್ಟು ಎಂದು ನೀವೊಬ್ಬರೇ ತೀರ್ಮಾನಿಸಬೇಡಿ. ಹಿರಿಯ ಭಟ್ಟರೊಬ್ಬರು, ಕ್ಲೀನಿಂಗ್ ಕಡೆಯವರೊಬ್ಬರು ಜೊತೆಗಿರಲಿ. ಗಲ್ಲಾದಲ್ಲಿ ಕೂತವರ ಕಣ್ಣಿಗೆ ಸಪ್ಲೈಯರ್ ಕಷ್ಟ ಬೇಗ ಕಾಣುತ್ತದೆ. ಹಿಂದೆ ಪಾತ್ರೆ ತೊಳೆಯುವವಳದು ಕಾಣುವುದೇ ಇಲ್ಲ.

ಬಿಟ್ಟು ಹೋದವರ 1,10,000ವನ್ನು ಕೈಬಿಡಿ, ಲೆಕ್ಕದಲ್ಲಿ ಹೇಗೆ ತೋರಿಸುವುದೆಂದು ಲೆಕ್ಕಪರಿಶೋಧಕರನ್ನು ಕೇಳಿ. ಉಳಿದ 3,50,000ಕ್ಕೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮೊತ್ತ ಒಪ್ಪಿಸಿ, 18 ಅಥವಾ 24 ಕಂತು ಹಾಕಿ, ಸಹಿ ಮಾಡಿಸಿದ ಚೀಟಿಯ ಒಂದು ಪ್ರತಿಯನ್ನು ಅವರಿಗೇ ಕೊಡಿ. ಲೆಕ್ಕ ತಮ್ಮ ಜೇಬಲ್ಲೂ ಇದ್ದರೆ ಅನುಮಾನ ಅರ್ಧ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. "ಸಾಲ ತೀರುವವರೆಗೆ ಬಿಡುವುದಿಲ್ಲ" ಎಂದು ಆಧಾರ್ ಕಾರ್ಡನ್ನೋ ಮಾರ್ಕ್ಸ್ ಕಾರ್ಡನ್ನೋ ಇಟ್ಟುಕೊಳ್ಳುವ ರೂಢಿ ಕೆಲವು ಕಡೆ ಇದೆ. ಕೊಟ್ಟ ಹಣದ ಹೆಸರಲ್ಲಿ ಮನುಷ್ಯನನ್ನು ಕಟ್ಟಿಹಾಕಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಹೋಗುತ್ತೇನೆ ಎಂದವನಿಗೆ ಎರಡು ಕೆಲಸದ ದಿನಗಳೊಳಗೆ ಸಂಬಳದ ಲೆಕ್ಕ ಮುಗಿಸಿ ಕಳುಹಿಸಿ. ಬಾಕಿಯನ್ನು ಅವನು ಊರಿಂದ ಕಳುಹಿಸಿದರೆ ಬಂತು, ಇಲ್ಲವಾದರೆ ಇಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಜವಳಿ ಅಂಗಡಿ. ತಾತನ ಕಾಲದಿಂದ ಇರುವ ಒಬ್ಬರಿಗೆ ಈಗ 62. ಕಣ್ಣು ಮಂಜಾಗಿದೆ, ಬ್ಲೌಸ್ ಪೀಸ್ ಅಳತೆಯಲ್ಲಿ ತಪ್ಪಾಗುತ್ತಿದೆ. ನಮ್ಮನ್ನು ಎತ್ತಿ ಆಡಿಸಿದವರು. ಬಿಡಿ ಎನ್ನಲು ಬಾಯಿ ಬರುವುದಿಲ್ಲ. ಅವರ ಮಗಳ ಮದುವೆಗೆ ಎರಡು ತೊಲ ಬಂಗಾರ ಕೊಟ್ಟಿದ್ದೆವು. ಅದನ್ನು ಗ್ರಾಚ್ಯುಟಿ ಎಂದು ಲೆಕ್ಕ ಹಾಕಬಹುದೇ?

ಉತ್ತರ: ಬಂಗಾರ ಉಡುಗೊರೆ, ಗ್ರಾಚ್ಯುಟಿ ಸೇವೆ ಮುಗಿದಾಗ ಮಾಲೀಕರು ತೀರಿಸಬೇಕಾದ ಋಣ. ಒಂದನ್ನು ಇನ್ನೊಂದರಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಕೈಸಾಲ ಬಾಕಿ ಇದೆ ಎಂದು ಗ್ರಾಚ್ಯುಟಿ ತಡೆಹಿಡಿಯಲೂ ಬರುವುದಿಲ್ಲ.

ಅಂಗಡಿಯಲ್ಲಿ ಯಾವತ್ತಾದರೂ 10 ಜನ ಇದ್ದರೆ ಗ್ರಾಚ್ಯುಟಿ ಅನ್ವಯ. ಆಮೇಲೆ ಏಳು ಜನಕ್ಕೆ ಇಳಿದರೂ ಅದು ತಪ್ಪುವುದಿಲ್ಲ. ಸೂತ್ರ ಸುಲಭ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ನಿಮ್ಮವರ ವೇತನ 18,200 ಎಂದಿಟ್ಟುಕೊಳ್ಳಿ. ದಿನಕ್ಕೆ 700, ಹದಿನೈದು ದಿನಕ್ಕೆ 10,500. 31 ವರ್ಷ ಸೇವೆಯಾಗಿದ್ದರೆ 3,25,500. 31 ವರ್ಷ 7 ತಿಂಗಳಾಗಿದ್ದರೆ ಅದನ್ನು 32 ಎಂದೇ ಹಿಡಿಯಬೇಕು, ಆಗ 3,36,000. ಸೇವೆ ಮುಗಿದ 30 ದಿನದೊಳಗೆ ಕೊಡಬೇಕು.

ಹಳೆ ಅಂಗಡಿಗಳಲ್ಲಿ ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಹಾಜರಿ ಪುಸ್ತಕ ಹತ್ತು ವರ್ಷದ್ದು ಮಾತ್ರ ಇರುತ್ತದೆ, ಅದರ ಹಿಂದಿನ ಸೇವೆ "ದಾಖಲೆಯಲ್ಲಿ ಇಲ್ಲ" ಎನ್ನುತ್ತಾರೆ. ಅವರು ಯಾವ ದೀಪಾವಳಿಗೆ ಬಂದರೆಂದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವಾಗ ಅದನ್ನು ಬರೆದು ಸಹಿ ಹಾಕಿ. ಎರಡು, ಸಂಬಳದ ಸಣ್ಣ ಭಾಗವನ್ನು ಮಾತ್ರ ಮೂಲ ವೇತನ ಎಂದು ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಯಾಗಿಸುವುದು. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದಷ್ಟು ವೇತನಕ್ಕೇ ಸೇರುತ್ತದೆ.

ಇನ್ನು ಮಾತಾಡುವ ಬಗೆ. ಥಾನು ಹರಡಿಕೊಂಡು ಗಿರಾಕಿಗಳು ಕೂತಿರುವಾಗ ಬೇಡ, ಅಳತೆ ತಪ್ಪಿದ ದಿನವಂತೂ ಬೇಡ. ಅಂಗಡಿಗೆ ರಜೆ ಇರುವ ದಿನ ಮನೆಯ ಹಿರಿಯರೇ ಅವರ ಮನೆಗೆ ಹೋಗಲಿ. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬರೀ ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆ ಆದ ಮೇಲೆ ಅಳತೆಯ ತೊಂದರೆಯೇ ಹೋಗಬಹುದು, ಈ ಮಾತುಕತೆಯೇ ಬೇಕಾಗದಿರಬಹುದು. ಹಾಗಲ್ಲದಿದ್ದರೆ ಗ್ರಾಚ್ಯುಟಿ ಪೂರ್ತಿ ಚುಕ್ತಾ ಮಾಡಿ, ಆಮೇಲೆ ಅರ್ಧ ದಿನದ ಬೇರೆ ಕೆಲಸಕ್ಕೆ ಹೊಸದಾಗಿ ನೇಮಿಸಿಕೊಳ್ಳಿ. ಮೂರು ತಲೆಮಾರಿನ ಗಿರಾಕಿಗಳ ಹೆಸರು, ಯಾರ ಮನೆಯಲ್ಲಿ ಯಾವಾಗ ಮದುವೆ, ಯಾರಿಗೆ ಯಾವ ಅಂಚಿನ ಸೀರೆ ಹಿಡಿಸುತ್ತದೆ ಎಂಬುದು ಅವರ ತಲೆಯಲ್ಲಿದೆ. ಮದುವೆ ಜವಳಿಗೆ ಬಂದ ಮನೆಯವರನ್ನು ಕೂರಿಸಿ ಮಾತಾಡಿಸುವುದಕ್ಕೆ ಅವರಿಗಿಂತ ಬೇರೆ ಜನ ಬೇಕೇ? ಕತ್ತರಿ, ಮೀಟರ್ ಕಡ್ಡಿ ಮಾತ್ರ ಬೇರೆಯವರ ಕೈಗೆ ಹೋಗಲಿ. ಹೊಸ ಕೆಲಸದ ಗಂಟೆ, ಸಂಬಳ, ಸೇವೆ ಹೊಸದಾಗಿ ಶುರುವಾಗುತ್ತದೆ ಎಂಬುದು ಎಲ್ಲ ಬರಹದಲ್ಲಿರಲಿ.

ಉಳಿದವರ ಗ್ರಾಚ್ಯುಟಿಗೆ ಈಗಿನಿಂದಲೇ ಹಣ ಕಟ್ಟಲು ಶುರು ಮಾಡಿ. 2024ರ ಜನವರಿಯಲ್ಲಿ ಬಂದ ನಿಯಮದಂತೆ ಕರ್ನಾಟಕದಲ್ಲಿ ಗ್ರಾಚ್ಯುಟಿಗೆ ವಿಮೆ ಮಾಡಿಸುವುದು ಕಡ್ಡಾಯ.

ಪ್ರಶ್ನೆ: ತಿಪಟೂರಿನಲ್ಲಿ ಅಣ್ಣ ಮತ್ತು ನಾನು ಇಬ್ಬರೇ ಪಾಲುದಾರರಾಗಿ ಕೊಬ್ಬರಿ ವ್ಯಾಪಾರ ಮಾಡುತ್ತೇವೆ. ಅಂಗಡಿ ಅಪ್ಪನಿಂದ ಬಂದದ್ದು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಣ್ಣನ ಮಗ ಅಂಗಡಿಗೆ ಬರುವುದೇ ಅಪರೂಪ, ಆದರೆ ತಿಂಗಳಿಗೆ 30,000 ಸಂಬಳ. ನನ್ನ ಸೊಸೆ ಬಿಲ್ಲಿಂಗ್, ಜಿಎಸ್‌ಟಿ ಎಲ್ಲ ನೋಡುತ್ತಾಳೆ, ಅವಳಿಗೆ ಒಂದು ರೂಪಾಯಿ ಇಲ್ಲ. ತಂಗಿಗೂ ಏನಾದರೂ ಕೊಡಬೇಕೆಂಬ ಮನಸ್ಸಿದೆ. ಬಾಯಿ ಬಿಟ್ಟರೆ ಮನೆ ಒಡೆಯುತ್ತದೆಂಬ ಭಯ.

ಉತ್ತರ: ಬಾಯಿ ಬಿಡದೆಯೇ ಒಡೆದ ಮನೆಗಳು ಹೆಚ್ಚು. ಆದರೆ ಅಣ್ಣನ ಮಗನ ಸಂಬಳದಿಂದ ಮಾತು ಶುರು ಮಾಡಬೇಡಿ, ಗಲ್ಲಾಪೆಟ್ಟಿಗೆಯಿಂದ ಮಾಡಿ.

ಮೂರು ತಿಂಗಳು ಯಾರನ್ನೂ ದೂರದೆ ಗಲ್ಲಾದಿಂದ ಮನೆಗೆ ಹೋದದ್ದನ್ನೆಲ್ಲ ಬರೆದಿಡಿ. ಎರಡೂ ಮನೆಯ ಗ್ಯಾಸ್ ಸಿಲಿಂಡರ್, ಮಕ್ಕಳ ಶಾಲೆ ಫೀಸು, ಕಾರಿನ ಪೆಟ್ರೋಲ್, ಜಾತ್ರೆಯ ಖರ್ಚು, ಮೊಬೈಲ್ ರೀಚಾರ್ಜ್. ಹೆಚ್ಚಿನ ಮನೆಗಳಲ್ಲಿ ಈ ಪಟ್ಟಿ ನೋಡಿ ಎರಡೂ ಕಡೆಯವರು ಸುಮ್ಮನಾಗುತ್ತಾರೆ. ನಾನೇ ಕಡಿಮೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಇಬ್ಬರೂ ನಂಬಿರುತ್ತಾರಲ್ಲ.

ಆಮೇಲೆ ಮೂರು ಜೇಬು ಮಾಡಿ. ಕೆಲಸಕ್ಕೆ ಸಂಬಳ, ಬಂಡವಾಳಕ್ಕೆ ಬಡ್ಡಿ, ಒಡೆತನಕ್ಕೆ ಲಾಭದ ಪಾಲು. ಸಂಬಳ ಎಷ್ಟು ಎಂಬುದಕ್ಕೆ ಒಂದೇ ಅಳತೆ: ಇದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟರೆ ಎಷ್ಟು ಕೊಡುತ್ತೀರಿ? ನಿಮ್ಮ ಸೊಸೆಯ ಕೆಲಸಕ್ಕೆ ತಿಪಟೂರಿನಲ್ಲೇ ಇಬ್ಬರು ಅಕೌಂಟೆಂಟರನ್ನು ವಿಚಾರಿಸಿ, ಆ ದರ ಅವಳಿಗೆ, ಅವಳದೇ ಬ್ಯಾಂಕ್ ಖಾತೆಗೆ. ಮಗನ ಖಾತೆಗೆ ಹಾಕಿ "ಅವಳಿಗೂ ಅದರಲ್ಲೇ ಸೇರಿದೆ" ಎನ್ನುವುದು ಬೇಡ.

ಅಣ್ಣನ ಮಗನ 30,000ವನ್ನು ಒಮ್ಮೆಲೇ ನಿಲ್ಲಿಸಿದರೆ ಜಗಳ ಖಂಡಿತ. ಆ ಹಣವನ್ನು ಅಣ್ಣನ ಡ್ರಾಯಿಂಗ್ಸ್‌ಗೆ (ಮಾಲೀಕರು ಮನೆಖರ್ಚಿಗೆ ತೆಗೆಯುವ ಹಣದ ಲೆಕ್ಕಕ್ಕೆ) ವರ್ಗಾಯಿಸಿ. ಅಣ್ಣನ ಮನೆಗೆ ಬರುವುದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಆದರೆ ಅದು ಅಣ್ಣನ ಲಾಭದ ಪಾಲಿನಿಂದ ಹೋಗುತ್ತದೆ. ಸಂಬಳ ಎಂಬ ಹೆಸರು ಅಳಿಸಿದರೆ ಗೋದಾಮಿನಲ್ಲಿ ಬೆಳಗಿಂದ ಕೊಬ್ಬರಿ ಆರಿಸುವವರಿಗೆ ಆಗುವ ಬೇಸರವೂ ನಿಲ್ಲುತ್ತದೆ. ಇದರಲ್ಲಿ ತೆರಿಗೆಯ ಕಾರಣವೂ ಇದೆ. ಕೆಲಸಕ್ಕೆ ತಕ್ಕದಲ್ಲದ ಹಣವನ್ನು ಸಂಬಂಧಿಕರಿಗೆ ಸಂಬಳವಾಗಿ ತೋರಿಸಿದರೆ ಆದಾಯ ತೆರಿಗೆಯವರು ಆ ಖರ್ಚನ್ನು ಒಪ್ಪದಿರಬಹುದು. ಹುಡುಗನಿಗೆ ನಿಜವಾಗಿ ಆಸಕ್ತಿಯಿದ್ದರೆ ಆರು ತಿಂಗಳು ಹರಾಜು ಕಟ್ಟೆಯ ಕೆಲಸ ಕೊಟ್ಟು ನೋಡಿ.

ದುಡಿಯುವ ಪಾಲುದಾರರ ಸಂಬಳವನ್ನು ತೆರಿಗೆಯಲ್ಲಿ ಖರ್ಚಾಗಿ ತೋರಿಸುವುದಕ್ಕೂ ಮಿತಿಯಿದೆ. ಲೆಕ್ಕದ ಪುಸ್ತಕದ ಲಾಭದಲ್ಲಿ ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು. ಉಳಿದದ್ದಕ್ಕೆ ಶೇ 60. ಲಾಭ 20 ಲಕ್ಷವಾದರೆ 5.4 ಮತ್ತು 8.4, ಒಟ್ಟು 13.8 ಲಕ್ಷದವರೆಗೆ ಪಾಲುದಾರರೆಲ್ಲರಿಗೆ ಸೇರಿ. ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೆ ಮಾತ್ರ ಇದು ಸಿಗುತ್ತದೆ. 2025ರ ಏಪ್ರಿಲ್‌ನಿಂದ ಪಾಲುದಾರರೊಬ್ಬರಿಗೆ ಸಂಬಳ, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕೂಡ ಹಿಡಿಯಬೇಕು.

ನಿಮ್ಮ ಪತ್ರದಲ್ಲಿ ನೀವು ಕೇಳದೇ ಇರುವ, ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಒಂದಿದೆ. ಪಾಲುದಾರರು ಇಬ್ಬರೇ. ಒಬ್ಬರು ತೀರಿಕೊಂಡರೂ ಸಂಸ್ಥೆ ನಡೆಯುತ್ತದೆ ಎಂದು ಪತ್ರದಲ್ಲಿ ಬರೆದಿದ್ದರೂ ಉಳಿಯುವುದು ಒಬ್ಬರೇ ಆದ್ದರಿಂದ ಪಾಲುದಾರಿಕೆ ಅಲ್ಲಿಗೇ ಮುಗಿಯುತ್ತದೆ. ಮೂರನೆಯವರೊಬ್ಬರು ಇರಲೇಬೇಕು. ಸೊಸೆಯನ್ನು ಶೇ 10ರ ಪಾಲಿಗೆ ಸೇರಿಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಅಣ್ಣನ ಕಡೆಯಿಂದಲೂ ಒಬ್ಬರು ಬಂದರೆ ಸಮತೂಕವಾಗುತ್ತದೆ. ಸೊಸೆ ಪಾಲುದಾರಳಾದ ಮೇಲೆ ಅವಳ ಸಂಬಳವೂ ಮೇಲೆ ಹೇಳಿದ ಮಿತಿಯೊಳಗೇ ಬರುತ್ತದೆ, ಮರೆಯಬೇಡಿ.

ತಂಗಿಯ ವಿಷಯಕ್ಕೆ "ಏನಾದರೂ ಕೊಡಬೇಕು" ಎಂಬ ಮಾತೇ ಸರಿಯಲ್ಲ. ತಂದೆ ಉಯಿಲಿಲ್ಲದೆ ತೀರಿಕೊಂಡರೆ ಅವರ ಪಾಲಿನಲ್ಲಿ ಅವಳಿಗೂ, ತಾಯಿ ಇದ್ದರೆ ಅವರಿಗೂ ನಿಮ್ಮಷ್ಟೇ ಹಕ್ಕಿದೆ. ಅದು ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದಲೇ ಪಾಲುಗಾರ್ತಿ. ಇದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅರಿಶಿನ ಕುಂಕುಮಕ್ಕೆಂದು ಕರೆದು, ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕೆಲಸ ಮಾಡಬೇಡಿ. ಅಂಗಡಿಯ ಬೆಲೆ ಕಟ್ಟಿಸಿ, ಆ ಅಂಕಿಯನ್ನು ಅವಳಿಗೆ ತೋರಿಸಿ. ಪಾಲು ಬೇಕೇ, ಐದು ವರ್ಷದ ಕಂತಿನಲ್ಲಿ ಹಣ ಬೇಕೇ, ಬಿಟ್ಟುಕೊಡುತ್ತಾಳೆಯೇ, ಮೂರರಲ್ಲಿ ಯಾವುದೆಂದು ಅವಳೇ ಹೇಳಲಿ. ಅವಳ ಕಡೆಗೆ ಬೇರೆ ವಕೀಲರಿರಲಿ, ಅವರ ಫೀಸು ನೀವು ಕೊಡಿ.

ಪ್ರಶ್ನೆ: ಕಲಬುರಗಿಯಲ್ಲಿ ಹಾರ್ಡ್‌ವೇರ್ ವ್ಯಾಪಾರ, 24 ಜನ ಕೆಲಸದವರು. ದೀಪಾವಳಿಗೆ ಒಬ್ಬೊಬ್ಬರಿಗೆ ಒಂದೊಂದು ಮೊತ್ತ ಕವರಿನಲ್ಲಿ ಕೊಡುತ್ತೇವೆ. ಪ್ರತಿ ವರ್ಷ ಮುನಿಸು. ಯಾಕೆ?

ಉತ್ತರ: ಕವರು ಗುಟ್ಟಾಗಿದ್ದರೂ ಒಳಗಿನ ಮೊತ್ತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೆ. 20 ಜನ ಆದ ಮೇಲೆ ಬೋನಸ್ ನಿಮ್ಮ ಔದಾರ್ಯವಲ್ಲ, ಅವರ ಹಕ್ಕು. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ, ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಕನಿಷ್ಠ ಶೇ 8.33, ಗರಿಷ್ಠ ಶೇ 20. ಲೆಕ್ಕ ಹಾಕುವುದು 7,000 ಅಥವಾ ನಿಮ್ಮ ವರ್ಗದ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ. ಇವತ್ತಿಗೂ 7,000ದ ಮೇಲೆ ಲೆಕ್ಕ ಹಾಕುವ ಗುಮಾಸ್ತರಿದ್ದಾರೆ, ಅದು ತಪ್ಪು. ಕನಿಷ್ಠ ವೇತನ 13,000 ಎಂದುಕೊಂಡರೆ ವರ್ಷಕ್ಕೆ 12,995 ಬರುತ್ತದೆ, ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ.

ಮೊದಲು ಅದನ್ನು ಬ್ಯಾಂಕಿಗೆ ಹಾಕಿ. ಅದರ ಮೇಲೆ ಕೊಡುವುದಕ್ಕೆ ಒಂದು ಸೂತ್ರ ಗೋಡೆಗೆ ಅಂಟಿಸಿ. ಪ್ರತಿ ಐದು ವರ್ಷ ಸೇವೆಗೆ ಇಷ್ಟು, ಅಷ್ಟೇ. 21,000 ಮೀರಿದವರನ್ನೂ ಸೂತ್ರದಲ್ಲಿ ಸೇರಿಸಿ. ಮತ್ತೊಂದು, ಹಬ್ಬದ ಹಿಂದಿನ ಸಂಜೆ ಏಳು ಗಂಟೆಗೆ ಕೊಡಬೇಡಿ. ಆಗ ಮಕ್ಕಳ ಬಟ್ಟೆ ತರುವುದಕ್ಕೆ ಸಮಯವಿಲ್ಲ, ಊರಿನ ಬಸ್ಸಿನಲ್ಲಿ ಸೀಟಿಲ್ಲ. ಹತ್ತು ದಿನ ಮೊದಲು ಕೊಡಿ. ಹಣ ತೆಗೆದುಕೊಂಡು ಹೋದವರು ವಾಪಸ್ ಬರುವುದಿಲ್ಲವೆಂಬ ಭಯವಿದ್ದರೆ ಯೋಚಿಸಬೇಕಾದ್ದು ಸಂಬಳದ ಬಗ್ಗೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆಯೇ ಮುಖ್ಯ ಕೆಲಸ. ಈಗ ಜನ ವಾಟ್ಸ್‌ಆ್ಯಪ್‌ನಲ್ಲೇ ಕರೆಯುತ್ತಾರೆ, 500 ಪತ್ರಿಕೆ ಹಾಕಿಸುತ್ತಿದ್ದವರು 100 ಹಾಕಿಸುತ್ತಾರೆ. 14 ಜನರಲ್ಲಿ ನಾಲ್ವರನ್ನು ಬಿಡಬೇಕೇ?

ಉತ್ತರ: ಕೊನೆಗೆ ಬಿಡಬೇಕಾದೀತು, ಆದರೆ ಅದು ಐದನೇ ಮೆಟ್ಟಿಲು. ಮೊದಲು ತಿಂಗಳ ಕೊರತೆ ಎಷ್ಟೆಂದು ಒಂದೇ ಅಂಕಿಯಲ್ಲಿ ಬರೆಯಿರಿ. 60,000 ಎಂದಿಟ್ಟುಕೊಳ್ಳೋಣ.

ಮನೆಯವರ ಡ್ರಾಯಿಂಗ್ಸ್ 1,50,000 ಇದ್ದರೆ 1,10,000ಕ್ಕೆ ಇಳಿಸಿ, 40,000 ಉಳಿಯಿತು. ಸೀಸನ್ ಇಲ್ಲದ ತಿಂಗಳಲ್ಲೂ ಅಭ್ಯಾಸಬಲದಿಂದ ನಡೆಯುವ ಓವರ್‌ಟೈಮ್ ನಿಲ್ಲಿಸಿದರೆ 12,000. ಅಗತ್ಯಕ್ಕಿಂತ ಹೆಚ್ಚು ಕಾರ್ಡ್ ದಾಸ್ತಾನು ತರಿಸುವುದನ್ನು ಬಿಟ್ಟರೆ ಉಳಿದ 8,000 ಬಡ್ಡಿಯಲ್ಲೇ ಸಿಗಬಹುದು. ಈ ಕ್ರಮ ಮುಖ್ಯ. ಮಾಲೀಕರ ಮನೆಗೆ ಹೊಸ ಕಾರು ಬಂದ ತಿಂಗಳಲ್ಲಿ ಬೈಂಡಿಂಗ್ ಹುಡುಗನನ್ನು ಕಳುಹಿಸಿದರೆ ಉಳಿದ ಹದಿಮೂರು ಜನ ಅದನ್ನು ಮರೆಯುವುದಿಲ್ಲ.

ಎಲ್ಲರ ಸಂಬಳದಲ್ಲಿ ಸಮನಾಗಿ ಶೇ 10 ಕಡಿತ ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 28,000 ಪಡೆಯುವ ಆಫ್‌ಸೆಟ್ ಮಷೀನ್‌ಮನ್‌ಗೆ ಹೋಗುವುದು ಉಳಿತಾಯ. 14,000 ಪಡೆಯುವವನಿಗೆ ಹೋಗುವುದು ರೇಷನ್ನು. ಕನಿಷ್ಠ ವೇತನದ ಕೆಳಗೆ ಇಳಿಸಲು ಕಾನೂನೂ ಬಿಡುವುದಿಲ್ಲ. ಕಡಿತಕ್ಕೆ 21 ದಿನ ಮೊದಲು ಬರಹದಲ್ಲಿ ತಿಳಿಸಬೇಕು.

ಹೀಗೆ ಖರ್ಚು ಇಳಿಸಿಕೊಂಡ ಆರು ತಿಂಗಳಲ್ಲೇ ಪ್ರೆಸ್ಸಿಗೆ ಬೇರೆ ಬಗೆಯ ಕೆಲಸ ಹುಡುಕಿ. ನಿಮ್ಮ ಮಷೀನು, ನಿಮ್ಮ ಜನ ಎರಡಕ್ಕೂ ಒಗ್ಗುವುದು ಡಬ್ಬಿ: ಪೇಡಾ, ಸ್ವೀಟ್ ಬಾಕ್ಸ್, ಔಷಧಿ ಪೆಟ್ಟಿಗೆ, ಲೇಬಲ್. ಮುದ್ರಣ ಅದೇ, ಕಾಗದದ ಬದಲು ದಪ್ಪನೆಯ (300 ಜಿಎಸ್‌ಎಂ) ಬೋರ್ಡು. ಹೊಸದಾಗಿ ಕಲಿಯಬೇಕಾದ್ದು ಡೈ (ಡಬ್ಬಿಯ ಆಕಾರದ ಅಚ್ಚು) ಕೂರಿಸಿ ಪಂಚಿಂಗ್, ಕ್ರೀಸಿಂಗ್ (ಕತ್ತರಿಸಿ, ಮಡಿಕೆಯ ಗೆರೆ ಒತ್ತುವುದು) ಮಾಡುವುದು ಮತ್ತು ಅಂಟಿಸುವುದು. ಶುರುವಿನಲ್ಲಿ ಕ್ರೀಸ್ ಆಳ ಕಡಿಮೆಯಾಗಿ ಮಡಚಿದ ಕಡೆ ಬೋರ್ಡು ಬಿರಿಯುತ್ತದೆ. ಬೋರ್ಡಿನ ನಾರು ಯಾವ ದಿಕ್ಕಿಗಿದೆ ಎಂದು ನೋಡದೆ ಕತ್ತರಿಸಿದರೂ ಹಾಗೇ. ಮೊದಲ ತಿಂಗಳು ಹೋಗುವ ಹಾಳನ್ನು ಕೆಲಸಗಾರರ ತಲೆಗೆ ಕಟ್ಟಬೇಡಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರಕ್ಕೆ ಸರ್ಕಾರ ಕಡಿವಾಣ ಹಾಕಿ ಹೋಟೆಲ್ ನಡೆಸುವುದೇ ನಷ್ಟವಾದಾಗ, 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ರೆಡಿ ಮಿಕ್ಸ್‌ಗೆ ಕೈ ಹಾಕಿತು. ಇದ್ದ ಜನಕ್ಕೆ ಕೆಲಸ ಉಳಿಸಿಕೊಳ್ಳುವುದೂ ಅದರಲ್ಲಿ ಒಂದು ಉದ್ದೇಶವಾಗಿತ್ತು. ನಿಮ್ಮ ಡಬ್ಬಿಯೂ ಆ ಜಾತಿಯದೇ.

ಇಷ್ಟಾದ ಮೇಲೂ ಬಿಡಲೇಬೇಕಾದರೆ ಕೊನೆಗೆ ಸೇರಿದವರಿಂದ ಶುರು ಮಾಡಬೇಕು. ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಪರಿಹಾರ. ಹೊಸ ಸಂಹಿತೆಯಲ್ಲಿ ಇನ್ನೂ 15 ದಿನದ ವೇತನವನ್ನು ಮರುತರಬೇತಿ ನಿಧಿಗೆ ಕಟ್ಟಬೇಕು. ಐದು ವರ್ಷ ಆಗಿದ್ದರೆ ಗ್ರಾಚ್ಯುಟಿ ಬೇರೆ. ಕಾನೂನಿನಲ್ಲಿ ಇಲ್ಲದ್ದು ಒಂದಿದೆ, ಅದಕ್ಕೆ ಖರ್ಚೂ ಇಲ್ಲ: ಊರಿನ ಬೇರೆ ಪ್ರೆಸ್ಸುಗಳಿಗೆ ನೀವೇ ಫೋನ್ ಮಾಡಿ ಅವರಿಗೆ ಕೆಲಸ ಕೇಳುವುದು.

ಪ್ರಶ್ನೆ: ಹಾಸನದಲ್ಲಿ ನಮ್ಮ ಬೇಕರಿ. ಎಂಟೇ ಜನ ಇರುವುದರಿಂದ ಇಎಸ್‌ಐ ಇಲ್ಲ. ಮೊನ್ನೆ ಒಬ್ಬ ಹುಡುಗನ ತಾಯಿಯ ಆಪರೇಷನ್‌ಗೆ 40,000 ಕೊಟ್ಟೆವು. ಎಲ್ಲರಿಗೂ ಹೀಗೆ ಕೊಡುವ ಶಕ್ತಿ ನಮಗಿಲ್ಲ.

ಉತ್ತರ: ಮುಂದಿನ ಸಲ ಜೇಬಿಗೆ ಕೈ ಹಾಕುವ ಮೊದಲು ರೇಷನ್ ಕಾರ್ಡ್ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತರಬೇಕು. ಹೆಚ್ಚಿನವರು ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಇಲ್ಲೇ ಎಡವುತ್ತಾರೆ. ಎಂಟೂ ಜನರ ಆಯುಷ್ಮಾನ್ ಕಾರ್ಡು ಒಂದು ಬಿಡುವಿನ ಮಧ್ಯಾಹ್ನ ಮಾಡಿಸಿಬಿಡಿ. ಅವರಿಗೆ ಬೇಕಾದ್ದು ಸಂಬಳ ಹಿಡಿಯದ ಅರ್ಧ ದಿನದ ರಜೆ ಮತ್ತು ಫಾರಂ ತುಂಬಿಕೊಡುವ ಒಬ್ಬರು.

ಕೇಂದ್ರ ಸರ್ಕಾರದ ಜನ್ ಸುರಕ್ಷಾದ ಎರಡು ವಿಮೆ ಸೇರಿಸಿ: ಜೀವ ವಿಮೆಯಾದ ಜೀವನ ಜ್ಯೋತಿ ವರ್ಷಕ್ಕೆ 436 (18ರಿಂದ 50 ವರ್ಷದವರು ಸೇರಬಹುದು), ಅಪಘಾತ ವಿಮೆಯಾದ ಸುರಕ್ಷಾ ಬಿಮಾ 20. ಎರಡೂ ತಲಾ 2 ಲಕ್ಷದ್ದು. ಎಂಟು ಜನಕ್ಕೆ 3,648 ರೂಪಾಯಿ. ಪ್ರತಿ ಮೇ ಕೊನೆಯಲ್ಲಿ ಬ್ಯಾಂಕ್ ಖಾತೆಯಿಂದ ಹಣ ತಾನಾಗಿ ಹೋಗುತ್ತದೆ. ಖಾತೆಯಲ್ಲಿ ಅಷ್ಟು ಹಣ ಇಲ್ಲದೆ ಎಷ್ಟೋ ಪಾಲಿಸಿ ಸಾಯುತ್ತವೆ. ಆದ್ದರಿಂದ ಮೇ 20ಕ್ಕೇ 456 ಹಾಕಿಬಿಡಿ. ಹೊಸ ಸಂಹಿತೆಯಲ್ಲಿ 10ಕ್ಕಿಂತ ಕಡಿಮೆ ಜನ ಇರುವವರೂ, ಹೆಚ್ಚಿನ ನೌಕರರು ಒಪ್ಪಿದರೆ, ಇಎಸ್‌ಐಗೆ ಸ್ವಇಚ್ಛೆಯಿಂದ ಸೇರಬಹುದು. ಮಾಲೀಕರ ಪಾಲು ಶೇ 3.25.

ಅದಕ್ಕೆ ಸೇರದಿದ್ದರೆ ನೌಕರರ ಪರಿಹಾರ ವಿಮೆ ಮಾತ್ರ ಇವತ್ತೇ ಮಾಡಿಸಿ. ಮೈದಾ ಕಲಸುವ ಮಷೀನು ಓಡುತ್ತಿರುವಾಗಲೇ ಅಂಚಿಗೆ ಅಂಟಿದ ಹಿಟ್ಟು ಕೆರೆಯಲು ಕೈ ಹಾಕುವುದು ಬೇಕರಿಯಲ್ಲಿ ದಿನನಿತ್ಯದ ಅಭ್ಯಾಸ. 15,000 ವೇತನದ, 30 ವರ್ಷದ ಕೆಲಸಗಾರ ಕೆಲಸದಲ್ಲಿ ಸತ್ತರೆ ಕಾನೂನಿನ ಪರಿಹಾರ 15,59,850 ರೂಪಾಯಿ, ಅದು ನಿಮ್ಮ ತಲೆಯ ಮೇಲೆ. ಮಷೀನಿಗೆ ಮುಚ್ಚಳದ ಜಾಲರಿ, ಅದು ತೆರೆದರೆ ತಾನಾಗಿ ನಿಲ್ಲುವ ಸ್ವಿಚ್ಚು, ಎರಡನ್ನೂ ಹಾಕಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ಹಪ್ಪಳ ಮಾಡಿಕೊಡುವ ಹತ್ತು ಮನೆಯ ಹೆಂಗಸರಿದ್ದಾರೆ. ಲಾಭದಲ್ಲಿ ಪ್ರತಿ ವರ್ಷ ಅನ್ನದಾನಕ್ಕೆ 50,000 ನಗದಾಗಿ ಕೊಡುತ್ತೇವೆ. ಇನ್ನೂ ಏನು ಮಾಡಬಹುದು?

ಉತ್ತರ: ಆ ಹತ್ತು ಮನೆಗಳಿಗೆ ಕೊನೆಯ ಸಲ ಹಣ ಕೊಟ್ಟದ್ದು ಯಾವಾಗ? ನಿಮ್ಮದೇ ಪತ್ರದ ಕೊನೆಯಲ್ಲಿ "ಎರಡು ತಿಂಗಳಿಗೊಮ್ಮೆ ಲೆಕ್ಕ ಮಾಡುತ್ತೇವೆ" ಎಂದಿದ್ದೀರಿ. ಅಂದರೆ ಅಕ್ಕಿಹಿಟ್ಟು, ಎಣ್ಣೆ, ಗ್ಯಾಸ್ ಎಲ್ಲ 60 ದಿನ ಅವರ ಸಾಲದಲ್ಲಿ ನಡೆಯುತ್ತಿದೆ. ನಿಮ್ಮ ಅಂಗಡಿಗೆ ಬಂಡವಾಳ ಹಾಕುತ್ತಿರುವವರು ಅವರು.

ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ) ನೋಂದಣಿ ಇರುವ ಸಣ್ಣ ತಯಾರಕರಿಗೆ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಖರೀದಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ತೆರಿಗೆಯಲ್ಲಿ ಖರ್ಚಾಗಿ ತೋರಿಸಬಹುದು. ನೋಂದಣಿ ಉಚಿತ, ಆಧಾರ್ ಜೊತೆಗೆ ಪ್ಯಾನ್ ಬೇಕು. ಹತ್ತೂ ಜನಕ್ಕೆ ನೀವೇ ಮಾಡಿಸಿಕೊಡಿ. ನಿಮ್ಮ ಮೇಲೆಯೇ ದೂರು ಕೊಡುವ ಹಕ್ಕನ್ನು ಅವರ ಕೈಗೆ ಕೊಟ್ಟಂತಾಗುತ್ತದೆ, ಅದೂ ಒಳ್ಳೆಯದೇ. ಎಣ್ಣೆಯ ಬೆಲೆ ಏರಿದ ವಾರವೇ ಚಕ್ಕುಲಿಯ ಖರೀದಿ ದರವೂ ಏರುವಂತೆ ಒಂದು ಸಾಲು ಒಪ್ಪಂದದಲ್ಲಿರಲಿ. ವಾಪಸ್ ಬಂದ ಸರಕಿನ ನಷ್ಟ ಯಾರದು ಎಂಬುದಕ್ಕೂ ಒಂದು ಸಾಲು: ಕಮಟು ಬಂದರೆ ಅವರದು, ನಿಮ್ಮ ಅಂಗಡಿಯಲ್ಲಿ ಡಬ್ಬ ತೆರೆದಿಟ್ಟು ಮೆತ್ತಗಾದರೆ ನಿಮ್ಮದು.

ಅನ್ನದಾನ ಮುಂದುವರಿಸಿ, ಆದರೆ ನಗದು ಬೇಡ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ಕಿನಲ್ಲಿ ಕೊಟ್ಟರೂ ಆ ಸಂಸ್ಥೆಗೆ ದಾನದ ತೆರಿಗೆ ವಿನಾಯಿತಿಯ ನೋಂದಣಿ (ಹಳೆಯ ಕಾಯ್ದೆಯ 80ಜಿ) ಇರಬೇಕು. ಅಂಗಡಿ ನಿಮ್ಮ ಸ್ವಂತ ಹೆಸರಲ್ಲಿದ್ದು ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ವಿನಾಯಿತಿ ಹೇಗೂ ಇಲ್ಲ. ಈ ವರ್ಷದ 50,000 ಮಾತ್ರ ಮೊದಲು ಹಪ್ಪಳದವರ ಬಾಕಿಗೆ ಹೋಗಲಿ.